ಬಿಎಚ್1417 ಸ್ಟೀರಿಯೊ ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್: ಎರಡು ಮಳೆಗಾಲ ಬಳಸಿದ ಮೇಲಿನ ವಿಮರ್ಶೆ

ಈ ಕಿಟ್ ಕೊಳ್ಳಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಬಹುದು. ಆದರೆ ಪೊಟ್ಟಣದಲ್ಲಿ ಬಂದ ಎರಡು ಕೆಪಾಸಿಟರ್‌ಗಳನ್ನು ಹಾಗೇ ಬೆಸೆಯಬೇಡಿ, ಜೊತೆಗೆ ಕೊಟ್ಟ ಉದ್ದನೆಯ ಆಂಟೆನಾ ವೈರನ್ನು ಬಳಸಲೇಬೇಡಿ. ಈ ಎರಡು ವಿಷಯ ಸರಿಹೋದರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಸಂಗೀತವನ್ನು ಮನೆಯ ಹಳೆಯ ಎಫ್‌ಎಂ ರೇಡಿಯೊದಲ್ಲಿ, ಒಂದು ಕೋಣೆಯೊಳಗೆ, ದೊಡ್ಡ ನಿಲಯಗಳಷ್ಟೇ ಸ್ವಚ್ಛವಾಗಿ ಕೇಳಬಹುದು. ಈ ಕಿಟ್ಟಿನ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು "ರೇಂಜ್ ಸಾಲದು" ಎಂಬುದೇ. ನಿಜವಾದ ತೊಂದರೆ ರೇಂಜಿನದಲ್ಲ, ಧ್ವನಿಯದು. ಆ ಧ್ವನಿ ಕೆಡುವುದು ಆಂಟೆನಾದ ತುದಿಯಲ್ಲಲ್ಲ, ಬೋರ್ಡಿನ ಒಳಗೇ.

ಕಿಟ್ಟಿನ ಜೀವಾಳ ಜಪಾನಿನ ರೋಮ್ ಕಂಪನಿಯ ಬಿಎಚ್1417 ಚಿಪ್. ಎಡ ಬಲ ಧ್ವನಿಗಳನ್ನು ಸ್ಟೀರಿಯೊ ಸಂಕೇತವಾಗಿ ಕಟ್ಟುವ ಭಾಗ, 15 ಕಿಲೋಹರ್ಟ್ಸ್ ಮೇಲಿನದನ್ನು ತಡೆಯುವ ಫಿಲ್ಟರ್, ಪ್ರಸಾರದ ಫ್ರೀಕ್ವೆನ್ಸಿ ಜಾರದಂತೆ ಹಿಡಿದಿಡುವ ಪಿಎಲ್‌ಎಲ್, ರೇಡಿಯೊ ಸಂಕೇತ ಹೊರಬಿಡುವ ಆರ್‌ಎಫ್ ಔಟ್‌ಪುಟ್ ಎಲ್ಲವೂ ಒಂದೇ ಚಿಪ್ಪಿನಲ್ಲಿವೆ. ಹೊರಗೆ 7.6 ಮೆಗಾಹರ್ಟ್ಸ್ ಕ್ರಿಸ್ಟಲ್, ಒಂದು ಗಾಳಿ ಕಾಯಿಲ್, ವೋಲ್ಟೇಜಿಗೆ ತಕ್ಕಂತೆ ಕೆಪಾಸಿಟೆನ್ಸ್ ಬದಲಿಸುವ ಒಂದು ವ್ಯಾರಿಕ್ಯಾಪ್ ಡಯೋಡ್, ಒಂದು ಡಾರ್ಲಿಂಗ್ಟನ್ ಟ್ರಾನ್ಸಿಸ್ಟರ್, ನಾಲ್ಕು ಕಡ್ಡಿಯ ಡಿಪ್ ಸ್ವಿಚ್, 78ಎಲ್05 ರೆಗ್ಯುಲೇಟರ್, ಧ್ವನಿಯ ಮಟ್ಟ ಹೊಂದಿಸುವ ಪುಟ್ಟ ತಿರುಗಣೆಗಳಾದ ಎರಡು ಪ್ರೀಸೆಟ್, ಮತ್ತೆ ಒಂದಷ್ಟು ರೆಸಿಸ್ಟರ್ ಕೆಪಾಸಿಟರ್. ಕ್ರಿಸ್ಟಲ್ಲಿನ 7.6 ಮೆಗಾಹರ್ಟ್ಸನ್ನು 200ರಿಂದ ಭಾಗಿಸಿದರೆ 38 ಕಿಲೋಹರ್ಟ್ಸ್, 400ರಿಂದ ಭಾಗಿಸಿದರೆ ಸ್ಟೀರಿಯೊ ಪೈಲಟ್ಟಿನ (ಇದು ಸ್ಟೀರಿಯೊ ಎಂದು ರೇಡಿಯೊಗೆ ತಿಳಿಸುವ ಸಂಕೇತ) 19 ಕಿಲೋಹರ್ಟ್ಸ್ ಬರುತ್ತದೆ. ಪ್ರಸಾರದ ಫ್ರೀಕ್ವೆನ್ಸಿಯೂ ಇದೇ ಕ್ರಿಸ್ಟಲ್ಲಿಗೆ ಕಟ್ಟುಬಿದ್ದಿರುತ್ತದೆ. ಹಳೆಯ ಬಿಎ1404 ಕಿಟ್‌ಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಬಿಎ1404ರಲ್ಲಿ ಸ್ಟೀರಿಯೊಗೆ ಮಾತ್ರ ಕ್ರಿಸ್ಟಲ್, ಪ್ರಸಾರದ ಫ್ರೀಕ್ವೆನ್ಸಿ ಬರೀ ಕಾಯಿಲ್ ಮತ್ತು ಟ್ರಿಮ್ಮರ್ ನಂಬಿಕೊಂಡಿರುತ್ತದೆ. ಕೈ ಹತ್ತಿರ ತಂದರೆ ಜಾರುತ್ತದೆ, ಮಧ್ಯಾಹ್ನದ ಸೆಕೆಗೆ ಜಾರುತ್ತದೆ, ಬ್ಯಾಟರಿ ಇಳಿದರೆ ಜಾರುತ್ತದೆ. ಬಿಎಚ್1417 ಎರಡು ವರ್ಷದಲ್ಲಿ ಒಮ್ಮೆಯೂ ತಾನಾಗಿ ಜಾರಿಲ್ಲ.

ಈಗ ಆ ಎರಡು ಕೆಪಾಸಿಟರ್ ವಿಷಯ. ಎಫ್‌ಎಂನಲ್ಲಿ ಕಳಿಸುವಾಗ ತಾರಸ್ವರಗಳನ್ನು ಎತ್ತಿ ಕಳಿಸುತ್ತಾರೆ, ರೇಡಿಯೊ ಅಷ್ಟನ್ನೇ ತಗ್ಗಿಸಿಕೊಳ್ಳುತ್ತದೆ, ಜೊತೆಗೆ ಸುಯ್ ಎನ್ನುವ ಸದ್ದೂ ತಗ್ಗುತ್ತದೆ. ಇದು ಪ್ರೀ-ಎಂಫಸಿಸ್. ಎಷ್ಟು ಎತ್ತಬೇಕೆಂಬ ಲೆಕ್ಕ ಎಲ್ಲ ದೇಶಕ್ಕೂ ಒಂದೇ ಅಲ್ಲ: ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ಭಾರತದಲ್ಲೂ ಯುರೋಪಿನಲ್ಲೂ 50. ಚಿಪ್ಪಿನ 2 ಮತ್ತು 21ನೇ ಪಿನ್‌ಗಳಿಗೆ ಹಾಕುವ ಕೆಪಾಸಿಟರ್ ಇದನ್ನು ತೀರ್ಮಾನಿಸುತ್ತದೆ. ಒಳಗಿನ ರೆಸಿಸ್ಟರ್ 22.7 ಕಿಲೋ ಓಮ್. ಅದಕ್ಕೆ 2200 ಪಿಎಫ್ (ಪಿಕೋಫ್ಯಾರಡ್) ಸೇರಿದರೆ 50, 3300 ಪಿಎಫ್ ಸೇರಿದರೆ 75. ಈ ಪೊಟ್ಟಣದಲ್ಲಿ ಬಂದದ್ದು 332 ಎಂದು ಗುರುತಿದ್ದ ಜೋಡಿ, ಅಂದರೆ 3300. ಅದನ್ನೇ ಹಾಕಿದರೆ ನಮ್ಮ ರೇಡಿಯೊಗಳಲ್ಲಿ ತಾರಸ್ವರ ಹತ್ತಿರ ಮೂರೂವರೆ ಡೆಸಿಬೆಲ್ ಹೆಚ್ಚಾಗುತ್ತದೆ. ಕಾಗದದ ಮೇಲೆ ಇದು ಚಿಕ್ಕ ಅಂಕಿ. ಕಿವಿಗೆ ಹಾಗಲ್ಲ: ಹಾಡುವವರ ಸಕಾರ ಶಕಾರ ಸೀಳಿಕೊಂಡು ಬರುತ್ತವೆ, ಕಂಜೀರದ ಬಿಲ್ಲೆಗಳು ಮೃದಂಗವನ್ನು ಮೀರಿ ಮುಂದೆ ನಿಲ್ಲುತ್ತವೆ, ಅರ್ಧ ಗಂಟೆ ಕೇಳುವಷ್ಟರಲ್ಲಿ ತಲೆ ಭಾರವಾಗುತ್ತದೆ. "ಚೈನಾ ಸೌಂಡು" ಎಂದು ಜನ ಬೈಯುವುದು ಎಷ್ಟೋ ಸಲ ಇದನ್ನೇ.

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ "222 ಪಾಲಿಯೆಸ್ಟರ್", ಅಂದರೆ 2200 ಪಿಎಫ್, ಎಂದು ಕೇಳಿ. ಎರಡಲ್ಲ, ಹತ್ತು ತನ್ನಿ. ಕೆಪಾಸಿಟೆನ್ಸ್ ಅಳೆಯುವ ಮೀಟರಿನಲ್ಲಿ ನೋಡಿ, ಹತ್ತರಲ್ಲಿ ಒಂದಕ್ಕೊಂದು ಅತಿ ಹತ್ತಿರವಿರುವ ಎರಡನ್ನು ಆರಿಸಿ. ಎಡ ಬಲಗಳ ಬೆಲೆ ಬೇರೆಯಾದರೆ ತಾರಸ್ವರದಲ್ಲಿ ಧ್ವನಿ ಒಂದು ಪಕ್ಕಕ್ಕೆ ವಾಲುತ್ತದೆ.

ಬೆಸುಗೆಯ ವಿಷಯಕ್ಕೆ ಬಂದರೆ, ಚಿಪ್ 22 ಕಾಲಿನ ಸರ್ಫೇಸ್ ಮೌಂಟ್. ಕಾಲುಗಳ ನಡುವೆ 1.27 ಮಿಲಿಮೀಟರ್ ಇರುವುದರಿಂದ ಭಯಪಡುವಷ್ಟು ಸಣ್ಣದಲ್ಲ. ಬೋರ್ಡ್ ಖಾಲಿ ಇರುವಾಗಲೇ ಚಿಪ್ಪನ್ನು ಕೂರಿಸಬೇಕು. ಚೂಪು ಮೊನೆಯ 25 ವ್ಯಾಟ್ ಐರನ್, ತೆಳು 63/37 ಸೋಲ್ಡರ್, ಧಾರಾಳವಾಗಿ ಫ್ಲಕ್ಸ್. ಎದುರುಬದುರು ಮೂಲೆಯ ಎರಡು ಕಾಲು ಹಿಡಿಸಿ, ಸಾಲು ನೇರವಿದೆಯೇ ನೋಡಿ, ಆಮೇಲೆ ಉಳಿದವು. ಮುಗಿದ ಮೇಲೆ ಪಕ್ಕಪಕ್ಕದ ಕಾಲುಗಳ ನಡುವೆ ಮಲ್ಟಿಮೀಟರಿನಲ್ಲಿ ಶಾರ್ಟ್ ನೋಡಿ. ರೆಗ್ಯುಲೇಟರ್ ಹಾಕಿದ ಕೂಡಲೇ, ಚಿಪ್ಪಿಗೆ ಲೈನ್ ಸೇರಿಸುವ ಮೊದಲು, 5 ವೋಲ್ಟ್ ಬರುತ್ತಿದೆಯೇ ಖಾತ್ರಿ ಮಾಡಿಕೊಳ್ಳಿ. ಚಿಪ್ 6 ವೋಲ್ಟಿನ ಮೇಲೆ ತಾಳುವುದಕ್ಕೆಂದು ಮಾಡಿದ್ದಲ್ಲ. ಎಲ್ಲ ಸೇರಿ 30 ಮಿಲಿಆಂಪಿನ ಆಸುಪಾಸು ಕರೆಂಟ್ ಎಳೆದರೆ ಸರಿ. ನೂರರ ಹತ್ತಿರ ಹೋದರೆ ಎಲ್ಲೋ ಸೋಲ್ಡರ್ ಸೇತುವೆಯಾಗಿದೆ, ತಕ್ಷಣ ತೆಗೆಯಿರಿ. ಮೇಲಿನ ಅಕ್ಷರ ಉಜ್ಜಿ ಬೇರೆ ಹೆಸರು ಅಚ್ಚೊತ್ತಿದ ಚಿಪ್‌ಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಹತ್ತಿಗೆ ಅಸಿಟೋನ್ ಹಚ್ಚಿ ತಿಕ್ಕಿದಾಗ ಹೆಸರು ಕಪ್ಪಾಗಿ ಹತ್ತಿಗೆ ಅಂಟಿದರೆ ಅನುಮಾನಪಡಿ.

ಕಾಯಿಲ್ ಹೊಂದಿಸುವುದೇ ಹೆಚ್ಚಿನವರು ಕೈಚೆಲ್ಲುವ ಜಾಗ. ಕಿಟ್ಟಿನ ಜೊತೆ ಬಂದ ಕಾಗದದಲ್ಲಿ "ಕಾಯಿಲ್ ಅಡ್ಜಸ್ಟ್ ಮಾಡಿ" ಎಂದು ಒಂದೇ ಸಾಲು. ಏನನ್ನು ನೋಡಿಕೊಂಡು ಅಡ್ಜಸ್ಟ್ ಮಾಡುವುದು? ವ್ಯಾರಿಕ್ಯಾಪ್ ಮೇಲಿನ ವೋಲ್ಟೇಜನ್ನು. ಮೀಟರಿನ ಕೆಂಪು ಕಡ್ಡಿಗೆ 100 ಕಿಲೋ ಓಮ್ ರೆಸಿಸ್ಟರ್ ಸುತ್ತಿ ಅದರ ತುದಿಯಿಂದ ಮುಟ್ಟಬೇಕು, ಬರೀ ಕಡ್ಡಿ ಇಟ್ಟರೆ ಮೀಟರಿನ ವೈರೇ ಆಸಿಲೇಟರನ್ನು ಕದಡುತ್ತದೆ. ವೋಲ್ಟೇಜ್ ಸೊನ್ನೆಗೋ 5ಕ್ಕೋ ಅಂಟಿಕೊಂಡಿದ್ದರೆ ಪಿಎಲ್‌ಎಲ್ ಲಾಕ್ ಆಗಿಲ್ಲ, ಅಂದರೆ ಫ್ರೀಕ್ವೆನ್ಸಿ ಅದರ ಹಿಡಿತಕ್ಕೆ ಬಂದಿಲ್ಲ. ಮೇಲಕ್ಕೆ ಅಂಟಿದ್ದರೆ ಕಾಯಿಲ್ಲಿನ ಇಂಡಕ್ಟೆನ್ಸ್ ಜಾಸ್ತಿಯಾಗಿದೆ, ಸುತ್ತುಗಳನ್ನು ತುಸು ದೂರ ಸರಿಸಿ. ಕೆಳಗೆ ಅಂಟಿದ್ದರೆ ಸುತ್ತುಗಳನ್ನು ಒತ್ತಿ ಹತ್ತಿರ ತನ್ನಿ. ಎರಡು ಎರಡೂವರೆ ವೋಲ್ಟಿನಲ್ಲಿ ನಿಲ್ಲಿಸಿದರೆ ಸೆಕೆಗೂ ಚಳಿಗೂ ಎರಡೂ ಕಡೆ ಜಾಗ ಉಳಿಯುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಬೇಡ, ಐಸ್‌ಕ್ರೀಮ್ ಕಡ್ಡಿ ಸಾಕು. ಪ್ರತಿ ಸಲ ಐಸ್‌ಕ್ರೀಮ್ ಕಡ್ಡಿ ತೆಗೆದ ಮೇಲೆ ಮೀಟರ್ ಓದಿ, ಅದು ಕಾಯಿಲ್ಲಿಗೆ ತಾಗಿದ್ದಾಗ ಬರುವ ಅಂಕಿ ಸುಳ್ಳು.

ಹೊಂದಿದ ಮೇಲೆ ಕಾಯಿಲ್ ಮೇಲೆ ಮೇಣದಬತ್ತಿಯ ನಾಲ್ಕು ಹನಿ ಬಿಡಿ. ಬಿಡದಿದ್ದರೆ ಮೇಜಿನ ಮೇಲೆ ಲೋಟ ಇಟ್ಟರೂ ರೇಡಿಯೊದಲ್ಲಿ ಟಿಣ್ ಎನ್ನುತ್ತದೆ, ಕಾಯಿಲ್ ಅಲುಗಿದ್ದೇ ಧ್ವನಿಯಾಗುತ್ತದೆ. ಬೆಂಗಳೂರಿನ ಏಪ್ರಿಲ್ಲಿಗೆ ಮನೆಯೊಳಗೆ ಮೇಣ ಕರಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಾದರೆ ಕರಗುತ್ತದೆ.

ಫ್ರೀಕ್ವೆನ್ಸಿ ಆರಿಸುವುದು ನಾಲ್ಕು ಸ್ವಿಚ್ಚಿನಿಂದ. ಸ್ವಿಚ್ ಗ್ರೌಂಡಿಗೆ ಸೇರಿದ್ದರೆ ಲೋ, ಬಿಟ್ಟಿದ್ದರೆ ಹೈ. ಎಲ್ಲವೂ ಲೋ ಇದ್ದಾಗ 87.7 ಮೆಗಾಹರ್ಟ್ಸ್. ಮೊದಲನೆಯದು ಹೈ ಆದರೆ 0.2 ಸೇರುತ್ತದೆ, ಎರಡನೆಯದು 0.4, ಮೂರನೆಯದು 0.8. ನಾಲ್ಕನೆಯದು ಹೈ ಆದರೆ ಇಡೀ ಪಟ್ಟಿ 106.7ರಿಂದ ಶುರುವಾಗುತ್ತದೆ. ಮೊದಲ ಮೂರೂ ಒಟ್ಟಿಗೆ ಹೈ ಆದರೆ ಪಿಎಲ್‌ಎಲ್ ನಿಂತುಹೋಗುತ್ತದೆ. ಹೀಗೆ ಒಟ್ಟು 14 ಜಾಗ: 87.7ರಿಂದ 88.9ರವರೆಗೆ ಏಳು, 106.7ರಿಂದ 107.9ರವರೆಗೆ ಏಳು. ಬೆಂಗಳೂರಿನಲ್ಲಿ ಮೇಲಿನ ಏಳನ್ನು ಮುಟ್ಟಲೇಬೇಡಿ. 108ರಿಂದ ಆಚೆಗೆ ವಿಮಾನಗಳಿಗೆ ದಾರಿ ತೋರಿಸುವ ಸಂಕೇತಗಳ ಪಟ್ಟಿ ಶುರುವಾಗುತ್ತದೆ, ನಮ್ಮೂರಲ್ಲಿ ದೇವನಹಳ್ಳಿಯದೂ ಎಚ್‌ಎಎಲ್‌ನದೂ ಎರಡು ವಿಮಾನ ನಿಲ್ದಾಣಗಳಿವೆ. ಕೆಳಗಿನ ಏಳರಲ್ಲಿ 88.3 ಅನುಕೂಲ. ನಗರದ ದೊಡ್ಡ ನಿಲಯಗಳಾದ 91.1, 98.3, ಆಕಾಶವಾಣಿಯ 101.3 ಮತ್ತು 102.9 ಎಲ್ಲವೂ ದೂರ. ಕೆಲವು ರೇಡಿಯೊಗಳ ಮುಳ್ಳು 88ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಆದ್ದರಿಂದ 87.7 ಮತ್ತು 87.9 ಎಲ್ಲರಿಗೂ ಸಿಗುವುದಿಲ್ಲ. ಯಾವುದೇ ಆಗಲಿ, ಮೊದಲು ಒಂದು ಸಂಜೆ ಬರೀ ರೇಡಿಯೊ ಹಾಕಿ ಆ ಜಾಗ ಖಾಲಿ ಇದೆಯೇ ಕೇಳಿ.

ಧ್ವನಿಯ ಮಟ್ಟ ಇಡಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಎಫ್‌ಎಂ ನಿಲಯ ತನ್ನ ಫ್ರೀಕ್ವೆನ್ಸಿಯಿಂದ ಆಚೀಚೆ 75 ಕಿಲೋಹರ್ಟ್ಸಿಗಿಂತ ಹೆಚ್ಚು ತೂಗಬಾರದು. ವಿವಿಧ ಭಾರತಿ 102.9 ಆ ಮಿತಿಯೊಳಗೇ ನಡೆಯುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಫೋನಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಟ್ಟು, ಹಾಡು ಹಾಕಿ, ರೇಡಿಯೊ ವಾಲ್ಯೂಮ್ ಮುಟ್ಟದೆ 102.9ಕ್ಕೂ 88.3ಕ್ಕೂ ಹೋಗಿಬಂದು ನೋಡಿ. ಎರಡೂ ಒಂದೇ ಜೋರಿಗೆ ಬರುವ ತನಕ ಪ್ರೀಸೆಟ್ ತಿರುಗಿಸಿ, ಆಮೇಲೆ ಕೂದಲೆಳೆ ಕಡಿಮೆ ಮಾಡಿ. ಮಿತಿ ಮೀರಿದರೆ ನಾಗಸ್ವರ ಏರುವ ಜಾಗದಲ್ಲಿ, ಕೋರಸ್ ಸೇರುವ ಜಾಗದಲ್ಲಿ ಕರಕರ ಎನ್ನುತ್ತದೆ, ಮೆಲ್ಲನೆಯ ಜಾಗದಲ್ಲಿ ಎಲ್ಲ ಸರಿಯಿರುತ್ತದೆ. ಈ ಲಕ್ಷಣ ಕಂಡರೆ ಆಂಟೆನಾ ಎಳೆದಾಡಬೇಡಿ, ಪ್ರೀಸೆಟ್ ಇಳಿಸಿ.

ರೇಡಿಯೊದ ಸ್ಟೀರಿಯೊ ದೀಪ ಹತ್ತಿತೆಂದು ಸ್ಟೀರಿಯೊ ಬಂತೆಂದು ತಿಳಿಯಬೇಡಿ. ಆ ದೀಪ 19 ಕಿಲೋಹರ್ಟ್ಸ್ ಪೈಲಟ್ ಇದೆ ಎಂದಷ್ಟೇ ಹೇಳುತ್ತದೆ. ಎಡಗಡೆಯ ಧ್ವನಿ ಮಾತ್ರ ಇರುವ ಫೈಲ್ ಹಾಕಿ, ಹೆಡ್‌ಫೋನಿನಲ್ಲಿ ಬಲಗಡೆ ಹೆಚ್ಚುಕಡಿಮೆ ಮೌನವಾದರೆ ಸರಿ. ಹಳೆಯ ಚಿತ್ರಗೀತೆಗಳು ಬಹುಪಾಲು ಮೋನೋ, ಅವುಗಳಿಂದ ಈ ಪರೀಕ್ಷೆ ಆಗದು.

ಮೊಬೈಲ್ ಚಾರ್ಜರಿನಂಥ ಹಗುರ 9 ವೋಲ್ಟ್ ಅಡಾಪ್ಟರಿನಿಂದ ಇದಕ್ಕೆ ಕರೆಂಟ್ ಕೊಟ್ಟು, ಅದೇ ಪ್ಲಗ್ ಬೋರ್ಡಿನಲ್ಲಿ ಫೋನನ್ನೂ ಚಾರ್ಜಿಗಿಟ್ಟು ಹಾಡು ಕೇಳಿದರೆ ಗುಂಯ್ ಗ್ಯಾರಂಟಿ. ಅಡಾಪ್ಟರ್ ಮತ್ತು ಚಾರ್ಜರ್ ಎರಡರ ಗದ್ದಲ ಆಡಿಯೊ ವೈರಿನ ಗ್ರೌಂಡಿನ ಮೂಲಕ ಸುತ್ತು ಹೊಡೆಯುತ್ತದೆ. ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್ ಇರುವ 9 ವೋಲ್ಟಿನ ಬ್ಯಾಟರಿ ಎಲಿಮಿನೇಟರ್ ಮೌನವಾಗಿರುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿಯೂ ಆಗುತ್ತದೆ, ಆದರೆ 7 ವೋಲ್ಟಿಗೆ ಇಳಿದ ಮೇಲೆ 78ಎಲ್05 ನಿಭಾಯಿಸದು. ಒಳ್ಳೆಯ ಆಲ್ಕಲೈನ್ ಹಾಕಿದರೂ ದಿನಕ್ಕೆರಡು ಗಂಟೆಯಂತೆ ಒಂದು ವಾರ ಬಂದರೆ ಹೆಚ್ಚು.

ಆಂಟೆನಾ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ಎಫ್‌ಎಂ ಪ್ರಸಾರ ಮಾಡುವುದು ಕಾನೂನುಬಾಹಿರ, "ಕಡಿಮೆ ಪವರ್" ಎಂಬುದು ರಕ್ಷಣೆಯಲ್ಲ. ಊರಿಗೆ ಕೇಳಿಸಬೇಕೆಂಬ ಆಸೆ ಇದ್ದರೆ ಅದಕ್ಕೆ ಸಮುದಾಯ ಬಾನುಲಿಯ ದಾರಿ ಇದೆ. ಅದು ವ್ಯಕ್ತಿಗಳಿಗಲ್ಲ, ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳಿಗೆ ಸಿಗುತ್ತದೆ. ಕಿಟ್ಟಿನ ಜೊತೆ ಬಂದ 85 ಸೆಂಟಿಮೀಟರ್ ವೈರ್ ಈ ಫ್ರೀಕ್ವೆನ್ಸಿಗೆ ಸರಿಯಾಗಿ ಕಾಲು ತರಂಗದ ಉದ್ದ, ಅದರಿಂದಲೇ ಅದು ಬೇಡ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಗೋಡೆ ದಾಟುತ್ತದೆ. ಬೋರ್ಡಿನ ಔಟ್‌ಪುಟ್ಟಿನಲ್ಲಿ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಇಲ್ಲವಾದ್ದರಿಂದ 88.3ರ ಜೊತೆ ಅದರ ದುಪ್ಪಟ್ಟು 176.6 ಕೂಡ ಹೊರಗೆ ಹೋಗುತ್ತದೆ. ಔಟ್‌ಪುಟ್ಟಿಗೂ ಗ್ರೌಂಡಿಗೂ ನಡುವೆ 51 ಓಮ್ ಕಾಲು ವ್ಯಾಟ್ ರೆಸಿಸ್ಟರ್ ಬೆಸೆದು ವೈರೇ ಇಲ್ಲದೆ ಬಿಡಿ. ಒಂದೆರಡು ಮೀಟರ್ ದೂರದ ರೇಡಿಯೊಗೆ ಬೋರ್ಡಿನಿಂದ ಸೋರುವಷ್ಟೇ ಸಾಕಾಗುತ್ತದೆ. ಸುಯ್ ಎಂದರೆ ರೇಡಿಯೊವನ್ನು ಹತ್ತಿರ ತನ್ನಿ, ಇಲ್ಲವೇ ರೇಡಿಯೊದಲ್ಲಿ ಮೋನೋ ಒತ್ತಿ. ಆ್ಯಂಪ್ಲಿಫೈಯರ್ ಸೇರಿಸುವ ಯೋಚನೆ ಬಿಟ್ಟುಬಿಡಿ.

ಎರಡು ಮಳೆಗಾಲದಲ್ಲಿ ಸವೆದದ್ದು ಚಿಪ್ಪೂ ಅಲ್ಲ, ಕ್ರಿಸ್ಟಲ್ಲೂ ಅಲ್ಲ. ಮೊದಲು ಹೋದದ್ದು 3.5 ಮಿಲಿಮೀಟರ್ ಜ್ಯಾಕ್: ಪ್ಲಗ್ಗಿನ ಭಾರಕ್ಕೆ ಬೆಸುಗೆಯಲ್ಲಿ ಕೂದಲಿನಂಥ ಸೀಳು ಬಿಟ್ಟು ಒಂದು ಕಡೆಯ ಧ್ವನಿ ಬಂದುಹೋಗಿ ಮಾಡುತ್ತದೆ. ಜ್ಯಾಕನ್ನು ಡಬ್ಬಿಯ ಗೋಡೆಗೆ ನಟ್ ಹಾಕಿ ಬಿಗಿದು, ಅಲ್ಲಿಂದ ಬೋರ್ಡಿಗೆ ತೆಳು ಶೀಲ್ಡೆಡ್ ವೈರ್ ಎಳೆಯುವುದೇ ಪರಿಹಾರ. ಎರಡನೆಯದು ಡಿಪ್ ಸ್ವಿಚ್. ತೇವಕ್ಕೆ ಒಳಗಿನ ಸಂಪರ್ಕ ಮಂಕಾಗುತ್ತದೆ. ಈ ಬೋರ್ಡಿನಲ್ಲಿ ಸ್ವಿಚ್ ಆನ್ ಎಂದರೆ ಗ್ರೌಂಡಿಗೆ ಸೇರಿ ಲೋ, ಬಿಟ್ಟರೆ ಹೈ. 88.3ಕ್ಕೆ ಮೊದಲೆರಡು ಹೈ, ಮೂರು ನಾಲ್ಕು ಲೋ. ಮೂರನೆಯದರ ಸಂಪರ್ಕ ಬಿಟ್ಟರೆ ಮೂರೂ ಹೈ ಆಗಿ ಪಿಎಲ್‌ಎಲ್ ನಿಲ್ಲುತ್ತದೆ, ಕಿಟ್ ಸತ್ತಂತೆ ಕಾಣುತ್ತದೆ. ನಾಲ್ಕನೆಯದು ಬಿಟ್ಟರೆ ಇನ್ನೂ ಕೆಟ್ಟದ್ದು, 107.3ಕ್ಕೆ ಹಾರಲು ನೋಡುತ್ತದೆ, ಕಾಯಿಲ್ ಅಷ್ಟು ದೂರ ಎಟುಕದೆ ಲಾಕ್ ತಪ್ಪಿ ಎಲ್ಲೋ ಮೇಲೆ ಅಲೆಯುತ್ತದೆ. ಫ್ರೀಕ್ವೆನ್ಸಿ ತೀರ್ಮಾನವಾದ ದಿನವೇ ಬೋರ್ಡಿನ ಕೆಳಗೆ ಮೂರು ಮತ್ತು ನಾಲ್ಕನೆಯ ಸ್ವಿಚ್ಚಿನ ಎರಡೂ ಕಾಲುಗಳ ನಡುವೆ ಕತ್ತರಿಸಿ ಉಳಿದ ರೆಸಿಸ್ಟರ್ ತಂತಿಯ ತುಂಡನ್ನು ಬೆಸೆದುಬಿಡಿ.

ಹಾಗಾಗಿ ಎಸ್.ಪಿ. ರಸ್ತೆಗೆ ಹೋದಾಗ ಒಂದೇ ಸುತ್ತಿನಲ್ಲಿ ತರಬೇಕಾದದ್ದು: 222 ಪಾಲಿಯೆಸ್ಟರ್ ಹತ್ತು, 51 ಓಮ್ ಎರಡು, 100 ಕಿಲೋ ಓಮ್ ಒಂದು, ನಟ್ ಇರುವ ಸ್ಟೀರಿಯೊ ಜ್ಯಾಕ್ ಒಂದು, ಒಂದು ಮೀಟರ್ ಶೀಲ್ಡೆಡ್ ವೈರ್, 9 ವೋಲ್ಟ್ ಎಲಿಮಿನೇಟರ್. ಎಲಿಮಿನೇಟರನ್ನು ಕೈಯಲ್ಲಿ ಹಿಡಿದು ತೂಕ ನೋಡಿ ಕೊಳ್ಳಿ, ಹಗುರವಾಗಿದ್ದರೆ ಒಳಗೆ ಹಳೆಯ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಇಲ್ಲ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.