ಎಣ್ಣೆ ಗಿರಣಿಯ ಲ್ಯಾಬಿಗೆ ಆಟೋ ಟೈಟ್ರೇಟರ್: ದುಡ್ಡು ಎಲ್ಲಿ ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ

ಕುಂಬಳೆ, ಬದಿಯಡ್ಕ ಕಡೆಯ ತೆಂಗಿನೆಣ್ಣೆ ಗಿರಣಿಗಳಲ್ಲಿ ದಿನಾ ನಡೆಯುವ ಪರೀಕ್ಷೆ ಆಸಿಡ್ ವ್ಯಾಲ್ಯೂ, ಅಂದರೆ ಎಣ್ಣೆಯಲ್ಲಿ ಬಿಡಿ ಆಮ್ಲ ಎಷ್ಟಿದೆ ಎಂಬ ಅಳತೆ. ತೆಂಗಿನೆಣ್ಣೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿ 6. ಹೊಗೆ ಹಿಡಿದ ಕೊಬ್ಬರಿಯ ಕಪ್ಪೆಣ್ಣೆಯಲ್ಲಿ ಕ್ಷಾರ ಸಾಕಾಯಿತೆಂದು ತೋರಿಸುವ ಫಿನಾಲ್ಫ್ತಲೀನಿನ ಗುಲಾಬಿ ಬಣ್ಣ ಕಾಣುವುದೇ ಇಲ್ಲ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಲೆಕ್ಕ. ಆಟೋ ಟೈಟ್ರೇಟರ್ ಕ್ಷಾರವನ್ನು ತಾನೇ ಅಳೆದು ಬಿಡುವ ಯಂತ್ರ; ಅದು ನೋಡುವುದು ಬಣ್ಣವನ್ನಲ್ಲ, ವಿದ್ಯುದ್ವಿಭವದ ಜಿಗಿತವನ್ನು. ಅದಕ್ಕೇ ಪೂರ್ಣ ಅಂಕ.

ಸುರಕ್ಷತೆಯ ಲಾಭವೂ ನಿಜ. ಆಲ್ಕೋಹಾಲ್ ಕಾಯಿಸಿ ಫ್ಲಾಸ್ಕ್ ಅಲುಗಾಡಿಸುತ್ತಾ ಆವಿ ಕುಡಿಯುವ ಕೆಲಸ ತಪ್ಪುತ್ತದೆ, ಕಣ್ಣೆತ್ತರದ ಬ್ಯುರೆಟ್ಟಿಗೆ ಕ್ಷಾರ ಸುರಿಯುವುದೂ ತಪ್ಪುತ್ತದೆ. ಆದರೂ ಕನ್ನಡಕ, ಎಕ್ಸಾಸ್ಟ್ ಫ್ಯಾನ್ ಬಿಡಬೇಡಿ.

ತಕರಾರು ವಿಭವ ಅಳೆಯುವ ಕಡ್ಡಿ, ಅಂದರೆ ಎಲೆಕ್ಟ್ರೋಡಿನದ್ದು. ಸಾಮಾನ್ಯ ಪಿಎಚ್ ಎಲೆಕ್ಟ್ರೋಡ್ ಹಾಕಿದರೆ ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ಆಲ್ಕೋಹಾಲಿನಲ್ಲಿ ಹರಳುಗಟ್ಟಿ ರಂಧ್ರ ಕಟ್ಟಿಕೊಳ್ಳುತ್ತದೆ, ರೀಡಿಂಗ್ ತೇಲುತ್ತದೆ. ಎಥನಾಲಿನಲ್ಲಿ ಲಿಥಿಯಂ ಕ್ಲೋರೈಡ್ ತುಂಬಿದ್ದನ್ನೇ ಕೇಳಿ. ಪ್ರತಿ ಸ್ಯಾಂಪಲ್ ಆದ ಮೇಲೆ ದ್ರಾವಕದಲ್ಲಿ ತೊಳೆದು, ಒಂದು ನಿಮಿಷ ನೀರಿನಲ್ಲಿ ಅದ್ದಿಡಿ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದರೆ ಲೆಕ್ಕ ಕೆಟ್ಟಂತೆಯೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರದಂತೆ ಕ್ಷಾರದ ಬಾಟಲಿಯ ಬಾಯಿಗೆ ಸೋಡಾ ಲೈಮ್ ಕೊಳವೆ ಇರಲಿ.

0.1 ನಾರ್ಮಲ್ ಸಾಂದ್ರತೆಯ ಕ್ಷಾರ ಕೆಒಎಚ್‌ನಲ್ಲಿ, ವ್ಯಾಲ್ಯೂ 2 ಇರುವ 5 ಗ್ರಾಂ ಎಣ್ಣೆಗೆ ಸುಮಾರು 1.8 ಮಿ.ಲೀ. ಸಾಕು. 0.2 ಇರುವ ರಿಫೈನ್ಡ್ ಎಣ್ಣೆಗಾದರೆ 20 ಗ್ರಾಂ ತೂಗಿ, ಇಲ್ಲದಿದ್ದರೆ ಅಂಕಿ ನಂಬಲಾಗದು. ಆಮ್ಲ ಹೆಚ್ಚಿರುವ ಎಣ್ಣೆಯಲ್ಲಿ ತೂಕ, ದ್ರಾವಕ ಕಡಿಮೆಯಾದಷ್ಟು ಉಳಿತಾಯ; ಬ್ಲಾಂಕ್ (ಎಣ್ಣೆ ಹಾಕದೆ ದ್ರಾವಕವನ್ನಷ್ಟೇ ಅಳೆಯುವುದು) ಮಾತ್ರ ಬಿಡುವಂತಿಲ್ಲ.

ದಿನಕ್ಕೆ ನಾಲ್ಕೈದೇ ಸ್ಯಾಂಪಲ್ ಇರುವ ಗಾಣದವರಿಗೆ ಗಾಜಿನ ಬ್ಯುರೆಟ್ಟೇ ಲೇಸು.