ಮಿನುಗಿನ ಪ್ರೆಸ್ಡ್ ಪಿಗ್ಮೆಂಟ್: ಕೊಡಗಿನ ಮದುವೆಮನೆಗಳಲ್ಲಿ ಬಳಸಿ ನೋಡಿದ ಮೇಲೆ

ಕಣ್ಣುರೆಪ್ಪೆಗೂ ಕೆನ್ನೆಗೂ ಹಚ್ಚಬಹುದು ಎಂದು ಮಾರಾಟವಾಗುವ, ಬಣ್ಣದ ಪುಡಿಯನ್ನು ಪುಟ್ಟ ಪ್ಯಾನ್ ಅಂದರೆ ತಟ್ಟೆಗಳಲ್ಲಿ ಒತ್ತಿ ಕೂರಿಸಿದ ಮಿನುಗಿನ ಪ್ರೆಸ್ಡ್ ಪಿಗ್ಮೆಂಟ್ ಪ್ಯಾಲೆಟ್‌ಗಳು ಈಗ ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ಫ್ಯಾನ್ಸಿ ಸ್ಟೋರ್‌ಗಳಲ್ಲಿಯೂ ಸುಲಭವಾಗಿ ಸಿಗುತ್ತವೆ. ಮದುವೆ ಅಲಂಕಾರದ ಕೆಲಸ ಮಾಡುವ ನಾನು ಅಂಥದ್ದೊಂದು ಒಂಬತ್ತು ಬಣ್ಣಗಳ ಪ್ಯಾಲೆಟ್ಟನ್ನು 950 ರೂಪಾಯಿ ಕೊಟ್ಟು ಕೊಂಡು, ಈ ಸಲದ ಮದುವೆ ಕಾಲದುದ್ದಕ್ಕೂ ಬಳಸಿದ್ದೇನೆ. ಗುಣ ದೋಷ ಎರಡನ್ನೂ ಬರೆಯುತ್ತಿರುವುದರಿಂದ ಕಂಪನಿಯ ಹೆಸರು ಬೇಡ; ಇದೇ ಬಗೆಯ ಬೇರೆ ಪ್ಯಾಲೆಟ್‌ಗಳಿಗೂ ಇಲ್ಲಿನ ಮಾತು ಬಹುಮಟ್ಟಿಗೆ ಹೊಂದುತ್ತದೆ. ಕೊಟ್ಟ ಹಣಕ್ಕೆ ಇದು ಮೋಸವಿಲ್ಲದ ವಸ್ತು. ಆದರೆ ಮಾಮೂಲಿ ಐಶ್ಯಾಡೋ ಹಚ್ಚುವ ಕೈಯಿಂದಲೇ ಇದನ್ನೂ ಹಚ್ಚಿದರೆ ಅರ್ಧ ಬಣ್ಣ ಕೆನ್ನೆಯ ಮೇಲೆ ಉದುರುತ್ತದೆ, ಉಳಿದದ್ದು ರೆಪ್ಪೆಯ ಮಡಿಕೆಯಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಇದನ್ನು ಬಳಿಯಬಾರದು, ಒತ್ತಿ ಕೂರಿಸಬೇಕು. ನನ್ನ ಅನುಭವದಲ್ಲಿ ಈ ವಸ್ತುವಿನ ಯಶಸ್ಸೆಲ್ಲ ಆ ಒಂದು ಅಭ್ಯಾಸದಲ್ಲಿದೆ.

ಪ್ಯಾಲೆಟ್ಟಿನ ಒಂಬತ್ತೂ ಬಣ್ಣಗಳು ಒಂದೇ ಜಾತಿಯವಲ್ಲ ಎಂಬುದನ್ನು ಕೊಳ್ಳುವಾಗಲೇ ಗಮನಿಸಬೇಕು. ಇದರಲ್ಲಿ ನಾಲ್ಕು ಬಣ್ಣಗಳು ಶಿಮ್ಮರ್. ಅಂದರೆ ಅಭ್ರಕದ ಅತಿ ತೆಳುವಾದ ಚಕ್ಕೆಗಳಿಗೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡಿನ ಲೇಪ ಕೊಟ್ಟು ಮಾಡಿದ ನುಣುಪಾದ ಪುಡಿ. ಆ ಲೇಪದ ದಪ್ಪಕ್ಕೂ ನೋಡುವ ಕೋನಕ್ಕೂ ತಕ್ಕಂತೆ ಬೆಳಕು ಮರಳುವ ಬಣ್ಣ ಬದಲಾಗುವುದರಿಂದ, ಒಂದೇ ರೆಪ್ಪೆ ಒಂದು ಕಡೆಯಿಂದ ಚಿನ್ನದ ಬಣ್ಣಕ್ಕೂ ಇನ್ನೊಂದು ಕಡೆಯಿಂದ ಗುಲಾಬಿಗೂ ತಿರುಗಿದಂತೆ ಕಾಣುತ್ತದೆ. ಇನ್ನು ಮೂರು ಬಣ್ಣಗಳು ನಿಜವಾದ ಗ್ಲಿಟರ್. ಮುಟ್ಟಿದರೆ ತುಸು ಒದ್ದೆಯೆನಿಸುವ ಜೆಲ್ಲಿನಲ್ಲಿ ಪ್ಲಾಸ್ಟಿಕ್ಕಿನ ಮಿನುಗು ಚೂರುಗಳನ್ನು ಹಿಡಿದಿಟ್ಟಿರುತ್ತಾರೆ, ಪೆಟ್ಟಿಗೆಯ ಹಿಂದೆ ಪಾಲಿಎಥಿಲೀನ್ ಟೆರೆಫ್ತಲೇಟ್ ಎಂದು ಬರೆದಿರುತ್ತದೆ. ಉಳಿದ ಎರಡು ಮಿನುಗಿಲ್ಲದ, ಕಣ್ಣಿಗೆ ಹೊಡೆಯುವಂಥ ಗಾಢ ಗುಲಾಬಿ ಮತ್ತು ನೇರಳೆ.

ಆ ಕೊನೆಯ ಎರಡರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಐಶ್ಯಾಡೋ ಎನ್ನದೆ ಪ್ರೆಸ್ಡ್ ಪಿಗ್ಮೆಂಟ್ ಎಂದು ಹೆಸರಿಟ್ಟು ಮಾರುವುದಕ್ಕೆ ಹಲವು ವೇಳೆ ಇಂಥ ಬಣ್ಣಗಳೇ ಕಾರಣ. ಅಮೆರಿಕದ ಎಫ್‌ಡಿಎ (ಆಹಾರ, ಔಷಧ, ಅಲಂಕಾರ ಸಾಮಗ್ರಿಗಳ ನಿಯಂತ್ರಣ ಸಂಸ್ಥೆ) ತುಟಿಗೂ ಕೆನ್ನೆಗೂ ಒಪ್ಪಿದ ಎಲ್ಲ ಬಣ್ಣಗಳನ್ನು ಕಣ್ಣಿನ ಸುತ್ತ ಬಳಸಲು ಒಪ್ಪಿಲ್ಲ. ಲೇಬಲ್ಲಿನಲ್ಲಿ ಸಿಐ 15850, ಸಿಐ 45410 ಎಂಬ ಬಣ್ಣದ ಗುರುತಿನ ಸಂಖ್ಯೆಗಳಿರುವ ಕೆಂಪು, ಗುಲಾಬಿ ಬಣ್ಣಗಳು ಆ ಒಪ್ಪಿಗೆಯಿಂದ ಹೊರಗಿವೆ. ಐರೋಪ್ಯ ಒಕ್ಕೂಟದ ನಿಯಮ ಬೇರೆಯಾಗಿರುವುದರಿಂದ ಅಲ್ಲಿ ಇವೇ ಬಣ್ಣಗಳು ಕಣ್ಣಿಗೂ ಸಲ್ಲುತ್ತವೆ. ಹಾಗಾಗಿ ಇವನ್ನು ವಿಷವೆಂದು ಹೆದರಬೇಕಿಲ್ಲ. ಆದರೂ ಇಂಥ ಬಣ್ಣ ರೆಪ್ಪೆಯ ತೆಳು ಚರ್ಮದಲ್ಲಿ ಕಲೆ ಉಳಿಸುವುದುಂಟು, ಕೆಲವರಿಗೆ ತುರಿಕೆಯೂ ಆಗುತ್ತದೆ. ನಾನು ಈ ಎರಡನ್ನೂ ವಧುವಿನ ಕಣ್ಣಿಗೆ ಹಚ್ಚುವುದಿಲ್ಲ. ಗುಲಾಬಿಯನ್ನು ಕೆನ್ನೆಗೆ ಬ್ಲಶ್ಶಿನಂತೆ ಬಹಳ ಕಡಿಮೆ ಪ್ರಮಾಣದಲ್ಲಿ ಬಳಸಬಹುದು, ನೇರಳೆ ನನ್ನ ಕೆಲಸಕ್ಕೆ ಬಂದೇ ಇಲ್ಲ. ಅಲ್ಲಿಗೆ ಒಂಬತ್ತರಲ್ಲಿ ಕಣ್ಣಿಗೆ ದಕ್ಕುವುದು ಏಳೇ ಬಣ್ಣ ಎಂದಾಯಿತು.

ಹಚ್ಚುವ ಕ್ರಮಕ್ಕೆ ಬರೋಣ. ಮುಖಕ್ಕೆ ಫೌಂಡೇಶನ್ ಹಾಕುವ ಮೊದಲೇ ಕಣ್ಣಿನ ಕೆಲಸ ಮುಗಿಸುವುದು ಒಳ್ಳೆಯದು, ಏಕೆಂದರೆ ಎಷ್ಟೇ ಎಚ್ಚರದಿಂದ ಹಚ್ಚಿದರೂ ನಾಲ್ಕಾರು ಚೂರುಗಳು ಉದುರಿಯೇ ಉದುರುತ್ತವೆ, ಮತ್ತು ಬರಿಯ ಚರ್ಮದ ಮೇಲಿಂದ ಅವನ್ನು ತೆಗೆಯುವಷ್ಟು ಸುಲಭವಾಗಿ ಫೌಂಡೇಶನ್ನಿನ ಮೇಲಿಂದ ತೆಗೆಯಲಾಗುವುದಿಲ್ಲ. ರೆಪ್ಪೆಗೆ ಕಲೆ ಮರೆಸುವ ಕನ್ಸೀಲರನ್ನು ತೆಳುವಾಗಿ ಹಚ್ಚಿ, ಮಡಿಕೆಯ ಜಾಗಕ್ಕೆ ಮಿನುಗಿಲ್ಲದ ಕಂದು ಬಣ್ಣವನ್ನು ಹದವಾಗಿ ಬೆರೆಸಿಕೊಳ್ಳಬೇಕು. ಮಿನುಗು ಕೂರಬೇಕಾದ ಜಾಗಕ್ಕೆ ಮಾತ್ರ, ಅಂದರೆ ರೆಪ್ಪೆಯ ನಡುಭಾಗಕ್ಕೆ, ಅಂಟುವ ಗುಣದ ಗ್ಲಿಟರ್ ಪ್ರೈಮರ್ ಹಾಕಬೇಕು. ನಾನು ಬಳಸುವುದು ನಿಕ್ಸ್ ಕಂಪನಿಯ 10 ಮಿಲಿಲೀಟರಿನ ಗ್ಲಿಟರ್ ಪ್ರೈಮರ್. ಎರಡೂ ರೆಪ್ಪೆಗೆ ಸೇರಿ ಅಕ್ಕಿಕಾಳಿನಷ್ಟು ಸಾಕಾಗುವುದರಿಂದ ಚಿಕ್ಕ ಟ್ಯೂಬೇ ಬಹಳ ಕಾಲ ಬರುತ್ತದೆ. ಹಾಕಿದ ಕೂಡಲೇ ಬಣ್ಣ ಇಡಬಾರದು. ಬೆರಳು ತಾಗಿಸಿದರೆ ಜಾರದೆ, ಸ್ವಲ್ಪ ಹಿಡಿದುಕೊಂಡು ಬಿಡುವ ಹಂತ ಬರುವವರೆಗೆ ಕಾಯಬೇಕು. ಮೈಸೂರಿನ ಬಿಸಿಲಿನಲ್ಲಿ ಈ ಹಂತ ಬೇಗ ಬರುತ್ತದೆ. ಮಂಜು ಇನ್ನೂ ಕರಗಿರದ ಮಡಿಕೇರಿಯ ಬೆಳಗ್ಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನು ಕೊಡದೆ ಅವಸರ ಮಾಡಿದರೆ ಬಣ್ಣ ಪ್ರೈಮರಿನಲ್ಲಿ ತೇಲಿ ಗಂಟುಗಂಟಾಗುತ್ತದೆ.

ಬಣ್ಣವನ್ನು ತೆಗೆಯಲು ಉಂಗುರದ ಬೆರಳೇ ಎಲ್ಲಕ್ಕಿಂತ ಒಳ್ಳೆಯ ಸಾಧನ. ಉಳಿದ ಬೆರಳುಗಳಿಗಿಂತ ಅದರ ಒತ್ತಡ ಕಡಿಮೆ, ಮೈಯ ಬಿಸಿಗೆ ಬಣ್ಣವನ್ನು ಹಿಡಿದಿಟ್ಟ ಎಣ್ಣೆಯಂಶ ತುಸು ಮೆತ್ತಗಾಗಿ ಚಕ್ಕೆಗಳು ಒಂದರ ಪಕ್ಕ ಒಂದು ಮಟ್ಟಸವಾಗಿ ಮಲಗುತ್ತವೆ. ಬೆರಳಿನ ತುದಿಯನ್ನು ಪ್ಯಾನಿನ ಮೇಲೆ ಒಮ್ಮೆ ಹೊರಳಿಸಿ, ರೆಪ್ಪೆಯ ನಡುವೆ ಇಟ್ಟು, ಒಂದು ಕ್ಷಣ ಹಾಗೇ ಹಿಡಿದು ಎತ್ತಬೇಕು. ಎತ್ತಿದ ಮೇಲೆ ಪಕ್ಕಕ್ಕೆ ಇನ್ನೊಮ್ಮೆ. ಎಳೆಯುವುದು, ಉಜ್ಜುವುದು, ಉಬ್ಬಿದ ಮೆದು ಬ್ರಷ್ಷಿನಿಂದ ಹರಡುವುದು ಯಾವುದೂ ಬೇಡ. ಬೆರಳು ಹೋಗದ ಮೂಲೆಗೆ ಸಿಂಥೆಟಿಕ್ ಕೂದಲಿನ ಚಪ್ಪಟೆ ಬ್ರಷ್ ಬಳಸಬಹುದು. ಅದಕ್ಕೆ ಅಲಂಕಾರ ಕೆಡದಂತೆ ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ ಹೊಡೆಯುವುದಿದ್ದರೆ ಬಣ್ಣ ತೆಗೆದುಕೊಂಡ ಮೇಲೆ ಹೊಡೆಯಬೇಕೇ ಹೊರತು ಒದ್ದೆ ಬ್ರಷ್ಷನ್ನು ಪ್ಯಾನಿಗೆ ಅದ್ದಬಾರದು. ಶಿಮ್ಮರ್ ಪ್ಯಾನಿಗೆ ನೀರು ತಾಗಿದರೆ ಮೇಲ್ಪದರ ಗಟ್ಟಿಯಾಗಿ ಆಮೇಲೆ ಬಣ್ಣವೇ ಬರುವುದಿಲ್ಲ. ಹಾಗೆ ಗಟ್ಟಿಯಾದ ಪ್ಯಾನಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ಎತ್ತಿದರೆ ಪದರ ಕಿತ್ತು ಬರುತ್ತದೆ, ಕೆಳಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ.

ರೆಪ್ಪೆಗೂದಲಿನ ಬುಡಕ್ಕೂ ಕಣ್ಣಿನ ಒಳಮೂಲೆಗೂ ಗ್ಲಿಟರ್ ಹೋಗಕೂಡದು ಎಂಬುದರಲ್ಲಿ ನಾನು ಯಾರ ಒತ್ತಾಯಕ್ಕೂ ಬಗ್ಗುವುದಿಲ್ಲ. ಶಿಮ್ಮರಿನ ಚಕ್ಕೆಗಳು ಸಾಮಾನ್ಯವಾಗಿ 10ರಿಂದ 60 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಒಳಗಿನವು. ಗ್ಲಿಟರ್ ಚೂರುಗಳು 100 ಮೈಕ್ರಾನ್ ದಾಟುವುದು ಸಾಮಾನ್ಯ, ಅವುಗಳ ಅಂಚೂ ಹರಿತ. ಕಣ್ಣೊಳಗೆ ಬಿದ್ದ ಮೇಲೆ ಉಜ್ಜಿದರೆ ಕಾರ್ನಿಯಾ, ಅಂದರೆ ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪದರ, ಗೀರಿಹೋಗಬಹುದು. ಕಾಂಟಾಕ್ಟ್ ಲೆನ್ಸ್ ಹಾಕುವವರು ಅಲಂಕಾರಕ್ಕೆ ಮೊದಲೇ ಲೆನ್ಸ್ ಹಾಕಿಕೊಂಡು, ಅಲಂಕಾರ ತೆಗೆಯುವ ಮೊದಲೇ ಲೆನ್ಸ್ ತೆಗೆಯಬೇಕು. ಶಾಲೆಯ ವಾರ್ಷಿಕೋತ್ಸವಕ್ಕೆ ಕುಣಿಯುವ ಮಕ್ಕಳ ಕಣ್ಣಿಗೆ ಸ್ಟೇಷನರಿ ಅಂಗಡಿಯ ಗ್ಲಿಟರ್ ಪುಡಿಯನ್ನೇ ಹಚ್ಚಿ ಕಳಿಸುವುದನ್ನು ನೋಡಿದ್ದೇನೆ. ಅದು ಕಾಗದಕ್ಕೆ ಅಂಟಿಸುವ ಸಾಮಾನು, ಮುಖಕ್ಕಂತೂ ಅಲ್ಲವೇ ಅಲ್ಲ. ಮಕ್ಕಳಿಗೆ ಶಿಮ್ಮರ್ ಬಣ್ಣವೇ ಸಾಕು.

ಕೊಡವ ಮದುವೆಗೆ ಈ ಪ್ಯಾಲೆಟ್ ಎಷ್ಟು ಹೊಂದುತ್ತದೆ ಎಂಬುದು ನನಗೆ ಮುಖ್ಯವಾದ ಪ್ರಶ್ನೆಯಾಗಿತ್ತು. ಮುಹೂರ್ತಕ್ಕೆ ಕುಳಿತ ವಧುವಿನ ಮುಂದೆ ನೆಂಟರಿಷ್ಟರು ಸಾಲಾಗಿ ಬಂದು, ಅಕ್ಕಿ ಹಾಕಿ, ಕಿಂಡಿ ಎಂಬ ಕೊಳವೆಬಾಯಿಯ ಪಾತ್ರೆಯಿಂದ ಹಾಲು ಕುಡಿಸಿ, ಹಣ ಕೊಟ್ಟು ಹರಸುತ್ತಾರೆ. ದೊಡ್ಡ ಒಕ್ಕದ (ಮನೆತನದ) ಮದುವೆಯಾದರೆ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಆ ಹೊತ್ತೆಲ್ಲ ವಧು ಬಹುಪಾಲು ದೃಷ್ಟಿ ತಗ್ಗಿಸಿಯೇ ಕುಳಿತಿರುತ್ತಾಳೆ. ಎದುರು ನಿಂತವರಿಗೂ ಫೋಟೋದವರಿಗೂ ಕಾಣುವುದು ಕಣ್ಣಿಗಿಂತ ಹೆಚ್ಚಾಗಿ ಮುಚ್ಚಿದ ರೆಪ್ಪೆ. ಹಾಗಾಗಿ ರೆಪ್ಪೆಯ ನಡುವಿನ ಒಂದು ಬೆರಳಗಲದ ಮಿನುಗಿಗೆ ಇಲ್ಲಿ ಬೇರೆಲ್ಲ ಕಡೆಗಿಂತ ಹೆಚ್ಚಿನ ಬೆಲೆ. ತಲೆಯ ಮೇಲಿಂದ ಅಕ್ಕಿಕಾಳು ಉದುರಿ ಮುಖಕ್ಕೆ ತಾಗುತ್ತಲೇ ಇರುತ್ತದೆ, ವಧು ಕೆನ್ನೆ ಒರೆಸಿಕೊಳ್ಳುತ್ತಲೂ ಇರುತ್ತಾಳೆ. ಸರಿಯಾಗಿ ಒತ್ತಿ ಕೂರಿಸಿದ ಶಿಮ್ಮರ್ ಇದನ್ನೆಲ್ಲ ತಡೆದುಕೊಂಡು ಊಟದ ಹೊತ್ತಿಗೂ ಹಾಗೇ ಇತ್ತು ಎಂಬುದು ಈ ಪ್ಯಾಲೆಟ್ಟಿನ ದೊಡ್ಡ ಗುಣ. ಜೆಲ್ ಗ್ಲಿಟರ್ ಅಷ್ಟು ನಿಲ್ಲಲಿಲ್ಲ. ವಾಲಗಕ್ಕೆ ಕುಣಿದು ಬೆವರಿದವರ ಕಣ್ಣಿನ ಕೆಳಗೆ ಸಂಜೆಯೊಳಗೆ ಚೂರುಗಳು ಇಳಿದಿದ್ದವು.

ಬಣ್ಣದ ಆಯ್ಕೆಯಲ್ಲಿಯೂ ವಧುವಿನ ಉಡುಗೆಯೇ ದಾರಿ ತೋರಿಸಬೇಕು. ಕೆಂಪು ರೇಷ್ಮೆ ಸೀರೆ, ತಲೆಯ ಮೇಲೆ ಕೆಂಪು ವಸ್ತ್ರ, ಕೊರಳಲ್ಲಿ ಜೋಮಾಲೆ, ಪತ್ತಾಕ್ ಎಂಬ ಚಿನ್ನದ ಆಭರಣಗಳು. ಹೀಗೆ ಮುಖದ ಸುತ್ತ ಕೆಂಪೂ ಚಿನ್ನವೂ ಆಗಲೇ ತುಂಬಿರುವಾಗ ಗುಲಾಬಿ ಮಿನುಗನ್ನು ಕೆನ್ನೆಗೂ ಹಚ್ಚಿದರೆ ಮುಖ ಕೆಂಪಡರಿ ಬಳಲಿದಂತೆ ಕಾಣುತ್ತದೆ. ಬೆಳ್ಳಿ ಬಣ್ಣ ಗೋಧಿ ಮೈಬಣ್ಣದ ಮೇಲೆ ಬೂದಿ ಛಾಯೆ ತರುತ್ತದೆ. ಈ ಪ್ಯಾಲೆಟ್ಟಿನ ಹಳೆಚಿನ್ನ ಮತ್ತು ತಾಮ್ರದ ಎರಡು ಶಿಮ್ಮರ್‌ಗಳು ಇಲ್ಲಿಯ ಬಹುತೇಕ ಎಲ್ಲರಿಗೂ ಒಪ್ಪಿದವು. ಜೊತೆಗೆ ಕಾಡಿಗೆಯನ್ನು ತೆಳುವಾಗಿ ಎಳೆದರೆ ರೆಪ್ಪೆಯ ಚಿನ್ನ ಇನ್ನಷ್ಟು ಎದ್ದು ಬರುತ್ತದೆ.

ಕೆನ್ನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ವಿರುದ್ಧವಾಗಿದೆ. ಚಿತ್ರದಲ್ಲಿ ಗ್ಲಿಟರ್ ಕೆನ್ನೆಯ ಗುಂಡು ಭಾಗದವರೆಗೂ ಹರಡಿದೆ. ಸ್ಟುಡಿಯೋ ದೀಪದ ಕೆಳಗೆ ಅದು ಚೆಂದ. ಕೊಡವ ಸಮಾಜದ ಹಾಲಿನ ಟ್ಯೂಬ್‌ಲೈಟಿನಲ್ಲಿ, ಅದರಲ್ಲಿಯೂ ಕ್ಯಾಮರಾದ ಫ್ಲ್ಯಾಷ್ ಬಿದ್ದಾಗ, ದೊಡ್ಡ ಚೂರುಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ಚರ್ಮದ ರಂಧ್ರ ಮತ್ತು ಮೊಡವೆಯ ಗುರುತುಗಳೂ ಎದ್ದು ತೋರುತ್ತವೆ. ಆದ್ದರಿಂದ ಕೆನ್ನೆಗೆ ಗ್ಲಿಟರ್ ಬಿಟ್ಟು ನುಣುಪಾದ ಶಿಮ್ಮರ್ ಮಾತ್ರ ಬಳಸಬೇಕು, ಅದೂ ಕೆನ್ನೆಮೂಳೆಯ ಮೇಲ್ತುದಿಯಲ್ಲಿ, ಕಣ್ಣಿನ ಹೊರಮೂಲೆಯ ಕೆಳಗಿನಿಂದ ಕಣತಲೆಯ ಕಡೆಗೆ ಮಾತ್ರ. ಕ್ರೀಮ್ ಬ್ಲಶ್ ಹಚ್ಚಿ, ಪೌಡರ್ ಹಾಕುವ ಮೊದಲು, ಚೆನ್ನಾಗಿ ಹಿಂಡಿದ ಸ್ಪಂಜಿನ ತುದಿಯಲ್ಲಿ ಬಣ್ಣ ತೆಗೆದು ತಟ್ಟಬೇಕು. ಮೊದಲ ಸಲ ತಟ್ಟುವುದನ್ನು ಕೈಯ ಹಿಂಬದಿಗೆ ತಟ್ಟಿ, ಉಳಿದದ್ದನ್ನು ಕೆನ್ನೆಗೆ ತರುವುದು ಒಳ್ಳೆಯದು. ಎಳೆದು ಹಚ್ಚಿದರೆ ಬಸವನಹುಳು ಹರಿದ ಜಾಡಿನಂತೆ ಗೆರೆ ಉಳಿಯುತ್ತದೆ. ಐವತ್ತು ದಾಟಿದ ಹೆಂಗಸರು ಕೆನ್ನೆಗೆ ಬೇಡವೆಂದು ಹಿಂದೇಟು ಹಾಕುತ್ತಾರೆ. ಅವರಿಗೆ ಬಲವಂತ ಮಾಡದೆ, ರೆಪ್ಪೆಯ ನಡುವೆ ತಾಮ್ರದ ಬಣ್ಣವನ್ನು ಒಂದೇ ಸಲ ಒತ್ತಿ ಕನ್ನಡಿ ತೋರಿಸಿದರೆ ಸಾಕು. "ಇಷ್ಟೇ ಇರಲಿ, ಚೆನ್ನಾಗಿದೆ" ಎಂದು ಒಬ್ಬ ವಧುವಿನ ಚಿಕ್ಕಮ್ಮ ಹೇಳಿದ ಮಾತನ್ನು ನಾನು ಈ ಪ್ಯಾಲೆಟ್ಟಿಗೆ ಸಿಕ್ಕ ಒಳ್ಳೆಯ ಪ್ರಮಾಣಪತ್ರವೆಂದೇ ತಿಳಿಯುತ್ತೇನೆ.

ಗ್ಲಿಟರಿಗೆ ಜಾಗವೇ ಇಲ್ಲವೆಂದಲ್ಲ. ಮಡಿಕೇರಿ ದಸರಾದ ವಿಜಯದಶಮಿಯ ರಾತ್ರಿ, ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳ, ಮೆರವಣಿಗೆ ನೋಡಲು ಬೆಳಗಿನವರೆಗೂ ಬೀದಿಯಲ್ಲಿರುವ ಹುಡುಗಿಯರಿಗೆ ಹಸಿರು ಮತ್ತು ನೀಲಿಯ ಗ್ಲಿಟರ್ ಬಹಳ ಚೆನ್ನಾಗಿ ಒಪ್ಪುತ್ತದೆ. ಮಂಟಪಗಳ ಬಣ್ಣದ ದೀಪಗಳು ಹೊರಳಿದಾಗಲೆಲ್ಲ ರೆಪ್ಪೆಯೂ ಹೊಳೆಯುತ್ತದೆ, ತಂಪಿನಲ್ಲಿ ಬೆವರಿನ ಕಾಟವೂ ಇಲ್ಲ.

ತೆಗೆಯುವಾಗ ತಾಳ್ಮೆ ಬೇಕು. ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ತೆಗೆದು, ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಇಟ್ಟು, ಅಂಟು ಬಿಟ್ಟ ಮೇಲೆ ಹೊರಗಿನ ಮೂಲೆಯ ಕಡೆಗೆ ಒಂದೇ ಸಲ ಒರೆಸಿ ಎತ್ತಬೇಕು. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರಿಂದ ಡಿಸೆಂಬರಿನಲ್ಲಿ ಇಲ್ಲಿ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಹಾಗೇ ಕಣ್ಣಿಗೆ ಉಜ್ಜದೆ ಅಂಗೈಯಲ್ಲಿ ಕರಗಿಸಿಕೊಳ್ಳಬೇಕು. ಮಿನುಗು ಹತ್ತಿದ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿದ ಮೇಲೆಯೇ ಮುಖ ತೊಳೆಯಬೇಕು. ಈ ಪ್ಲಾಸ್ಟಿಕ್ ಚೂರು ಕೊಳೆಯುವುದಿಲ್ಲ. ಬಚ್ಚಲಿನಿಂದ ತೋಡಿಗೆ, ತೋಡಿನಿಂದ ಕಾವೇರಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್ 17ರಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟವನ್ನು ನಿಲ್ಲಿಸಿದೆ, ಮುಖದ ಅಲಂಕಾರದ ಸಾಮಗ್ರಿಗಳಿಗೆ 2035ರವರೆಗೆ ಕಾಲಾವಕಾಶ ಕೊಟ್ಟಿದೆ. ನದಿ ಹುಟ್ಟುವ ಜಿಲ್ಲೆಯಲ್ಲಿರುವ ನಾವು ಅಷ್ಟು ವರ್ಷ ಕಾಯಬೇಕಾಗಿಲ್ಲ. ಪ್ಲಾಸ್ಟಿಕ್ಕಿನ ಬದಲು ಅಭ್ರಕ ಅಥವಾ ಕೃತಕ ಅಭ್ರಕವಾದ ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್ ಎಂದು ಬರೆದಿರುವ ಪ್ಯಾಲೆಟ್‌ಗಳನ್ನು ಆರಿಸಿಕೊಳ್ಳಬಹುದು, ಹೊಳಪಿನಲ್ಲಿ ಅವು ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ಸೀರೆಗಳಿಗೇ ಬೂಸ್ಟು ಹಿಡಿಯುವ ಊರಿದು. ಬ್ರಷ್ ತೊಳೆದರೆ ಪೂರ್ತಿ ಒಣಗಿದ ಮೇಲೆಯೇ ಎತ್ತಿಡಬೇಕು, ಪ್ಯಾಲೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಜೆಲ್ ಗ್ಲಿಟರಿನ ಕಷ್ಟ ಇದಕ್ಕೆ ತಿರುಗುಮುರುಗು: ಮುಚ್ಚಳ ಸಡಿಲವಾದರೆ ಒಣಗಿ ಬಿರುಕು ಬಿಡುತ್ತದೆ. ನನ್ನ ಪ್ಯಾಲೆಟ್ಟಿನ ಮುಚ್ಚಳದ ಆಯಸ್ಕಾಂತ ದುರ್ಬಲವಾಗಿದ್ದು ಬೆಳ್ಳಿ ಬಣ್ಣದ ಪ್ಯಾನ್ ಆಗಲೇ ಅಂಚಿನಲ್ಲಿ ಒಣಗಿದೆ. ಈ ಬೆಲೆಗೆ ಇಷ್ಟು ಕಳಪೆ ಮುಚ್ಚಳ ಕೊಡಬಾರದಿತ್ತು.

ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯನ್ನು ಅಂಗಡಿಯಲ್ಲಿಯೇ ಓದಬೇಕು. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಮತ್ತು ಆಮದು ಮಾಡಿದವರ ವಿಳಾಸ, ಇಲ್ಲಿಯದ್ದಾದರೆ ತಯಾರಿಕೆಯ ಪರವಾನಗಿ ಸಂಖ್ಯೆ, ಎರಡಕ್ಕೂ ಬ್ಯಾಚ್ ಸಂಖ್ಯೆ ಇರಲೇಬೇಕು. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು ಎಂದರ್ಥ. ವರ್ಷಕ್ಕೆ ಒಂದೆರಡು ಸಮಾರಂಭಕ್ಕೆ ಮಾತ್ರ ಅಲಂಕಾರ ಮಾಡಿಕೊಳ್ಳುವವರು ಒಂಬತ್ತು ಬಣ್ಣಕ್ಕೆ ಹಣ ಹಾಕುವ ಬದಲು ಹಳೆಚಿನ್ನ ಅಥವಾ ತಾಮ್ರದ ಒಂದೇ ಬಿಡಿ ಪ್ಯಾನನ್ನೂ ಒಂದು ಒಳ್ಳೆಯ ಗ್ಲಿಟರ್ ಪ್ರೈಮರನ್ನೂ ಕೊಂಡರೆ ಸಾಕು. ಪಾರ್ಲರ್ ನಡೆಸುವವರಿಗೆ, ನಾಲ್ಕು ಶಿಮ್ಮರ್‌ಗಳ ಕಾರಣಕ್ಕೇ ಈ ಪ್ಯಾಲೆಟ್ಟನ್ನು ಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.