ರಾಮದೇವರ ಬೆಟ್ಟ: ಶೋಲೆ ಬಂಡೆಗಳ ನಡುವೆ ಅರ್ಧ ದಿನ

1975ರ ‘ಶೋಲೆ’ಯ ಗಬ್ಬರ್ ಸಿಂಗನ ಬಂಡೆಗಳು ರಾಮನಗರದ ರಾಮದೇವರ ಬೆಟ್ಟದವು. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ಸಿನಿಮಾದ ರಾಮಗಢ ಹುಡುಕಿಕೊಂಡು ಹೋದರೆ ಬರಿಗೈ. ಬೆಟ್ಟದ ಬುಡದಲ್ಲಿ ಕಟ್ಟಿದ್ದ ಆ ಹಳ್ಳಿಯ ಸೆಟ್ ಈಗಿಲ್ಲ. ರೈಲು ದರೋಡೆಯಂತೂ ಇಲ್ಲಿ ಚಿತ್ರೀಕರಿಸಿದ್ದೇ ಅಲ್ಲ, ಅದು ಮುಂಬೈ ಹತ್ತಿರದ ಪನ್ವೇಲ್ ಕಡೆಯದು. ಬಂಡೆ ನೋಡಲು ಹೋಗಿ, ಹೋದದ್ದು ಸಾರ್ಥಕವಾಗುತ್ತದೆ.

ದಾರಿಯಲ್ಲೇ ಒಂದು ಎಚ್ಚರ. ಹೊಸ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರವನ್ನು ಬಳಸಿಕೊಂಡು ಹೋಗುತ್ತದೆ, ಮಾತಾಡುತ್ತಾ ಕೂತರೆ ಊರು ಹಿಂದೆ ಉಳಿದಿರುತ್ತದೆ. ಬಿಡದಿಗೆ ಮೊದಲೇ ಹಳೇ ಮೈಸೂರು ರಸ್ತೆಗೆ ಇಳಿದುಬಿಡಿ. ಬೈಕಿಗೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ರೈಲಿನಲ್ಲಿ ಬಂದವರಿಗೆ ಸ್ಟೇಷನ್ ಹೊರಗೆ ಆಟೋ ಸಿಗುತ್ತದೆ. ಹತ್ತುವ ಮೊದಲೇ ವಾಪಸ್ ಬರುವ ಮಾತನ್ನೂ ಆಡಿಕೊಳ್ಳಿ.

ಹತ್ತುವುದಕ್ಕೆ ಮೆಟ್ಟಿಲಿದೆ. ಪಟ್ಟಾಭಿರಾಮ ದೇವಸ್ಥಾನದವರೆಗೆ ವಯಸ್ಸಾದವರೂ ನಿಧಾನವಾಗಿ ಹತ್ತುತ್ತಾರೆ. ಅಲ್ಲಿಂದ ಮೇಲಿನದು ಕಡಿದಾದ ಬಂಡೆ, ಕಂಬಿ ಹಿಡಿದೇ ಹೋಗಬೇಕು. ಮಂಡಿನೋವಿದ್ದರೆ ದೇವಸ್ಥಾನಕ್ಕೇ ನಿಲ್ಲಿಸಿ, ಏಕೆಂದರೆ ನೋವು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಕಾಡುತ್ತದೆ. ತಲೆಗೆ ಒಂದೂವರೆ ಲೀಟರ್ ನೀರು ಬೇಕು. ತಿಂಡಿ ಚೀಲದ ಒಳಗಿರಲಿ, ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ.

ಬಂಡೆಯ ಮೈಮೇಲೆ ಮೇಲಿನಿಂದ ಕೆಳಗೆ ಇಳಿದ ಕಪ್ಪು ಪಟ್ಟೆಗಳನ್ನು ಗಮನಿಸಿ. ಮಳೆನೀರು ಹರಿಯುವ ಜಾಡು ಅವು, ಪಾಚಿ ಕಟ್ಟಿ ಕಪ್ಪಾಗಿವೆ. ಒಣಗಿದ್ದಾಗ ಒರಟು, ಒದ್ದೆಯಾದರೆ ಸಾಬೂನು. ಜಾರಿ ಬೀಳುವುದು ಅಲ್ಲೇ. ಜುಲೈ, ಆಗಸ್ಟ್‌ನಲ್ಲಿ ಮೇಲಿನ ಭಾಗಕ್ಕೆ ಹೋಗದಿರುವುದು ಒಳ್ಳೆಯದು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆಲ್ಲ ಕಲ್ಲು ಹಂಚಿನಂತೆ ಕಾಯುತ್ತದೆ. ನವೆಂಬರ್‌ನಿಂದ ಫೆಬ್ರುವರಿ, ಬೆಳಿಗ್ಗೆ ಗೇಟ್ ತೆರೆದ ಕೂಡಲೇ ಹೊರಡುವುದು ಸರಿಯಾದ ಹೊತ್ತು.

ಕಲ್ಲಿಗೆ ಮುಖ ಹತ್ತಿರ ತಂದು ನೋಡಿದರೆ ಬೂದಿ ಬಣ್ಣದ ನಡುವೆ ಹೆಬ್ಬೆರಳಿನ ಉಗುರಿನಷ್ಟು, ಕೆಲವೆಡೆ ಅದಕ್ಕೂ ದೊಡ್ಡ ಗುಲಾಬಿ ಹರಳುಗಳು ಕಾಣುತ್ತವೆ. ಅವು ಫೆಲ್ಡ್‌ಸ್ಪಾರ್ ಎಂಬ ಖನಿಜ. ಭೂಗರ್ಭಶಾಸ್ತ್ರದಲ್ಲಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು, ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೇ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ನೆಲದೊಳಗೆ ತಣ್ಣಗಾದದ್ದು, ಮೇಲಿನ ಭಾರ ಸವೆದು ಹೋದಂತೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತಾ ಬಂದಿದೆ. ಬೋಳು ಗುಂಡಾದದ್ದು ಹಾಗೆ.

2012ರಿಂದ ಇದು ರಣಹದ್ದು ಧಾಮ. ನಿಜವಾಗಿ ಕಾದು ನೋಡಬೇಕಾದದ್ದು ಈ ಹಕ್ಕಿಗಳನ್ನು. ಕಡಿದಾದ ಬಂಡೆಯಲ್ಲಿ ಸುಣ್ಣ ಚೆಲ್ಲಿದಂಥ ಗುರುತಿದ್ದರೆ ಅದು ಹಿಕ್ಕೆ, ಉದ್ದ ಕೊಕ್ಕಿನ ರಣಹದ್ದು ಅಲ್ಲೇ ಕೂರುತ್ತದೆ. ಬಂಡೆ ಕಾದು ಗಾಳಿ ಮೇಲೇರಲು ಶುರುವಾದಾಗ, ಒಂಬತ್ತೂವರೆ ಹತ್ತರ ಹೊತ್ತಿಗೆ, ರೆಕ್ಕೆ ಬಡಿಯದೆ ಸುತ್ತುತ್ತಾ ಏಳುತ್ತವೆ. ಉಳಿದಿರುವುದು ಬೆರಳೆಣಿಕೆಯಷ್ಟು, ಕಾಣದೆಯೂ ಹೋಗಬಹುದು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಸಾಕು. ಕೂಗಬೇಡಿ, ಸ್ಪೀಕರ್ ಹಾಕಬೇಡಿ, ಡ್ರೋನ್ ತರಲೇಬೇಡಿ. ಗೂಡಿನ ಹಕ್ಕಿ ಗಾಬರಿಯಾಗಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಈ ಹಕ್ಕಿ ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. ಮೆಟ್ಟಿಲು ಬಿಟ್ಟು ಪೊದೆ ಹೊಗಬೇಡಿ, ಕರಡಿ, ಚಿರತೆ ಇರುವ ಜಾಗ.

ಹೋಗಿಬರಲು ಮೂರು ಗಂಟೆ ಇಟ್ಟುಕೊಳ್ಳಿ. ಬೇಗ ಇಳಿದರೆ ಊರಿನ ರೇಷ್ಮೆಗೂಡಿನ ಮಾರುಕಟ್ಟೆ ನೋಡಬಹುದು.